ಎಳೆಯಲು ಹಿಡಿಯಿಲ್ಲದ ಬಾಗಿಲು

ಒಂದು ಜುಲೈ ತಿಂಗಳ ಮಧ್ಯಾಹ್ನ, ನೇತ್ರಾವತಿ ದಂಡೆಯ ಮುಚ್ಚಿದ ಹಂಚಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿ ನಾನು ಮೂರೂವರೆ ಗಂಟೆ ಸಿಕ್ಕಿಬಿದ್ದಿದ್ದೆ.

1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳ ಜೇಡಿಮಣ್ಣನ್ನು ನಂಬಿ ಅಂಥ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು. ಈಗ ಅನೇಕವು ಪಾಳುಬಿದ್ದಿವೆ. ಹಳೆಯ ಹಂಚುಗಳ ಮೇಲೆ ಒತ್ತಿದ ಮುದ್ರೆಗಳ ಚಿತ್ರ ತೆಗೆದಿಡುವುದು ನನಗೆ ಬಹಳ ಪ್ರೀತಿಯ ಕೆಲಸ. ಜಾಗದವರ ಒಪ್ಪಿಗೆ ಪಡೆದೇ ಹೋಗಿದ್ದೆ. ಆದರೆ ಮನೆಯಲ್ಲಿ 'ಪೇಟೆಗೆ ಹೋಗಿ ಬರುತ್ತೇನೆ' ಎಂದಷ್ಟೇ ಹೇಳಿದ್ದೆ.

ಮಾಡು ಕುಸಿದೀತು ಎಂಬ ಎಚ್ಚರ ನನಗಿತ್ತು. ಹಸಿ ಹಂಚು ಒಣಗಿಸುತ್ತಿದ್ದ ಮರದ ಅಟ್ಟವನ್ನು ಗೆದ್ದಲು ತಿಂದಿರುತ್ತದೆಂದು ಅತ್ತ ಹೋಗಲೇ ಇಲ್ಲ. ಬಾಗಿಲಿನ ಬಗ್ಗೆ ಮಾತ್ರ ಯೋಚಿಸಿರಲಿಲ್ಲ. ಒಳಕ್ಕೆ ತೆರೆಯುವ ದಪ್ಪ ಮರದ ಬಾಗಿಲದು. ಮಳೆಗಾಲದ ನೀರು ಕುಡಿದು ಉಬ್ಬಿತ್ತು, ಮೇಲಿನ ತಿರುಗಣಿ ತುಕ್ಕು ಹಿಡಿದು ಕಳಚಿದ್ದರಿಂದ ಒಂದು ಬದಿಗೆ ಜೋತುಬಿದ್ದಿತ್ತು. ಹೆಗಲು ಕೊಟ್ಟು ತಳ್ಳಿ ಒಳಗೆ ಹೋದೆ. ಸ್ವಲ್ಪ ಹೊತ್ತಿಗೆ ಗಾಳಿ ಬೀಸಿ ಬಾಗಿಲು ದಢಾರನೆ ಮುಚ್ಚಿ ಚೌಕಟ್ಟಿನಲ್ಲಿ ಬಿಗಿಯಿತು. ಹೊರಗಿನಿಂದಾದರೆ ತಳ್ಳಬಹುದು, ಒಳಗಿನಿಂದ ಎಳೆಯಲು ಹಿಡಿಯೇ ಇರಲಿಲ್ಲ. ಬಾಗಿಲಿನ ಅಂಚಿಗೆ ಉಗುರು ಸಿಕ್ಕಿಸಿ ಎಳೆದೆ, ಬೆರಳಿನಿಂದ ರಕ್ತ ಬಂತು, ಬಾಗಿಲು ಕದಲಲಿಲ್ಲ.

ತುರ್ತು ಸಹಾಯದ ಸಂಖ್ಯೆ 112ಕ್ಕೆ ಕರೆ ಮಾಡಲು ಯಾವುದಾದರೂ ಒಂದು ಕಂಪನಿಯ ಸಿಗ್ನಲ್ ಸಾಕು. ಆ ದಪ್ಪ ಕೆಂಪುಕಲ್ಲಿನ ಗೋಡೆಗಳ ನಡುವೆ ಅದೂ ಇರಲಿಲ್ಲ. ಕೂಗಿದೆ, ಹಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಗಂಟಲು ಕಟ್ಟಿದ ಮೇಲೆ ಕ್ಯಾಮೆರಾದ ಸ್ಟ್ಯಾಂಡಿನಿಂದ ಕಿಟಕಿಯ ಕಬ್ಬಿಣದ ಸರಳಿಗೆ ಮೂರು ಪೆಟ್ಟು, ಬಿಡುವು, ಮತ್ತೆ ಮೂರು ಪೆಟ್ಟು ಹೊಡೆಯುತ್ತಾ ಕುಳಿತೆ. ಕತ್ತಲಾಗುತ್ತಿತ್ತು. ಮಗಳು ಟ್ಯೂಶನ್ ಮುಗಿಸಿ ನನಗಾಗಿ ಕಾಯುತ್ತಿರುತ್ತಾಳೆ ಎಂಬ ಯೋಚನೆಯೇ ಎಲ್ಲಕ್ಕಿಂತ ಹೆಚ್ಚು ಹಿಂಸೆ ಕೊಟ್ಟಿತು.

ದನ ಹುಡುಕಿಕೊಂಡು ಬಂದ ಹಿರಿಯರೊಬ್ಬರಿಗೆ ಆ ಸದ್ದು ಕೇಳಿಸಿತು. ಒಂದೇ ನೂಕಿಗೆ ಬಾಗಿಲು ತೆರೆಯಿತು. "ಒಬ್ಬರೇ ಬಂದದ್ದಾ ಮಾರಾಯರೇ? ಈ ದಾರಿಯಲ್ಲಿ ನಾನು ದಿನಾ ಬರುವವನಲ್ಲ" ಎಂದರು. ಆ ಮಾತಿಗೆ ಕೈಕಾಲು ನಡುಗಿತು.

ಆಮೇಲೂ ಹೋಗುವುದನ್ನು ಬಿಟ್ಟಿಲ್ಲ, ಆದರೆ ಮಳೆಗಾಲದಲ್ಲಿ ಹೋಗುವುದಿಲ್ಲ. ಜೊತೆಗೊಬ್ಬರು ಇರಲೇಬೇಕು, ನಾನು ಒಳಗಿದ್ದರೆ ಅವರು ಹೊಸ್ತಿಲಾಚೆ. ಯಾವ ಕಟ್ಟಡ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಸಿಗ್ನಲ್ ಇರುವಲ್ಲಿಯೇ ನಿಂತು ಮನೆಗೆ ತಿಳಿಸುತ್ತೇನೆ. ಕೊರಳಲ್ಲಿ ಸೀಟಿ, ಚೀಲದಲ್ಲಿ ಎರಡು ಟಾರ್ಚು. ಪ್ರತಿ ಬಾಗಿಲಿನ ಅಡಿಗೂ ಮರದ ಬೆಣೆ ಹೊಡೆದು, ಅಲುಗಾಡಿಸಿ ನೋಡಿ, ಆಮೇಲೆಯೇ ಒಳಗೆ ಕಾಲಿಡುತ್ತೇನೆ. ಪೊದೆ ಬೆಳೆದ ಅಂಗಳದಲ್ಲಿ ಕೋಲಿನಿಂದ ನೆಲ ತಡವುತ್ತಾ ನಡೆಯುತ್ತೇನೆ, ಏಕೆಂದರೆ ಹಳೆಯ ಬಾವಿಗಳು ಬಳ್ಳಿಯಡಿ ಕಾಣುವುದೇ ಇಲ್ಲ.

ಆ ಕಾರ್ಖಾನೆಯ ಅಂಗಳಕ್ಕೆ ಚೆಂಡು ಹುಡುಕಿಕೊಂಡು ಮಕ್ಕಳು ಬರುತ್ತಾರೆಂದು ಹಿರಿಯರು ಹೇಳಿದ್ದರು. ಮರುವಾರ ಜಾಗದವರನ್ನು ಕೇಳಿಕೊಂಡು, ಆ ಹಿರಿಯರೂ ನಾನೂ ಸೇರಿ ಆ ಬಾಗಿಲನ್ನು ಚೌಕಟ್ಟಿನಿಂದಲೇ ಕಳಚಿ ಹೊರಗೆ ನೆಲದ ಮೇಲೆ ಮಲಗಿಸಿದೆವು.