ಕೊನೆಗೌಡನ ಗೇಮನ್ನು ಪ್ರದರ್ಶನಕ್ಕೆ ಸಿದ್ಧಮಾಡಿದ ಬಗೆ

ಶಿರಸಿ ಕಡೆಯ ತೋಟಗಳಲ್ಲಿ ಪಳಗಿದ ಕೊನೆಗೌಡ, ಅಂದರೆ ಅಡಿಕೆ ಕೊನೆ (ಗೊಂಚಲು) ಕೊಯ್ಯುವವ, ಪ್ರತಿ ಅಡಿಕೆ ಮರಕ್ಕೂ ಹತ್ತಿ ಇಳಿಯುವುದಿಲ್ಲ. ಹತ್ತಿದ ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತಾನೆ. ನಮ್ಮ ತಂಡದ ಗೇಮ್ ಕೂಡ ಅಷ್ಟೇ: ತೂಗು, ದಾಟು, ಕೊನೆ ಕೊಯ್ದು ಹಗ್ಗಕ್ಕೆ ಬಿಡು. ಮಾಡಿದ್ದು ಗೊಡೋ 4 ಎಂಬ ಗೇಮ್ ಎಂಜಿನ್‌ನಲ್ಲಿ. ಕಾಲೇಜಿನ ಲೆಕ್ಕಕ್ಕೆ ಪ್ರಾಜೆಕ್ಟ್ ಮುಗಿದಿದ್ದರೂ ಕಾರವಾರದ ಪ್ರದರ್ಶನಕ್ಕೆ ಅದನ್ನು ಒಯ್ಯುವ ಕೆಲಸವೇ ಬೇರೆ. ಪರೀಕ್ಷಕರು ಕೋಡ್ ಕೇಳುತ್ತಾರೆ. ಪ್ರದರ್ಶನಕ್ಕೆ ಬಂದವರು ನಿಂತುಕೊಂಡೇ ಆಡುತ್ತಾರೆ, ಬೆನ್ನ ಹಿಂದೆ ಸರದಿ ಇರುತ್ತದೆ, ಸೂಚನೆಯನ್ನು ಒಬ್ಬರೂ ಓದುವುದಿಲ್ಲ.

ಹಾಗಾಗಿ ಮೂಲ ಪ್ರಾಜೆಕ್ಟ್ ಮುಟ್ಟದೆ, ಪ್ರದರ್ಶನಕ್ಕೆಂದೇ ಗಿಟ್‌ನಲ್ಲಿ ಬೇರೆ ಬ್ರಾಂಚ್ (ಕೋಡಿನ ಪ್ರತ್ಯೇಕ ಕವಲು) ಮಾಡಿಕೊಂಡೆವು. ಕಥೆಯ ಸ್ಲೈಡು, ಸೆಟ್ಟಿಂಗ್ಸ್, ಲೆವೆಲ್ ಆಯ್ಕೆ ಎಲ್ಲ ತೆಗೆದು ಉಳಿಸಿದ್ದು 3 ನಿಮಿಷದ ಒಂದೇ ತೋಟ. ಮೊದಲ ಎರಡು ಮರಗಳಲ್ಲಿ ಎಷ್ಟು ತಪ್ಪು ಒತ್ತಿದರೂ ಬೀಳುವುದಿಲ್ಲ, ಬೀಳುವ ಭಯ ಮೂರನೆಯದರಿಂದ ಶುರು. ಆಡಲು ಬಟನ್ ಎರಡೇ. ಪ್ರಯೋಗಕ್ಕೆ ಗೇಮ್ ಆಡದ ಹಿರಿಯರನ್ನೇ ಕೂರಿಸಬೇಕು, ತಂಡದವರು ಬಾಯಿ ಬಿಡಬಾರದು. ಎಲ್ಲಿ ನಿಂತುಬಿಡುತ್ತಾರೋ ಅಲ್ಲಿ ಲೆವೆಲ್ ತಿದ್ದಬೇಕು. ಅಲ್ಲಿಗೊಂದು ಸೂಚನೆಯ ಪೆಟ್ಟಿಗೆ ಅಂಟಿಸಿದರೆ ಪ್ರಯೋಜನವಿಲ್ಲ.

ಹೆಚ್ಚು ತಲೆ ತಿನ್ನುವುದು ರೀಸೆಟ್. ಅರ್ಧ ಆಡಿ ಬಿಟ್ಟು ಹೋಗುವವರೇ ಬಹಳ. ಆದ್ದರಿಂದ 40 ಸೆಕೆಂಡು ಯಾವ ಬಟನ್ನೂ ಒತ್ತದಿದ್ದರೆ ಗೇಮ್ ತಾನಾಗಿ ಶೀರ್ಷಿಕೆ ಪರದೆಗೆ ಮರಳಬೇಕು. ಒಂದು ಟೈಮರ್ ಇಟ್ಟು, ಪ್ರತಿ ಇನ್‌ಪುಟ್‌ಗೂ ಅದನ್ನು ಹೊಸದಾಗಿ ಶುರುಮಾಡಿದರೆ ಆಯಿತು ಅನ್ನಿಸುತ್ತದೆ. ಆಗುವುದಿಲ್ಲ. ಒಂದು, ಆಟೋಲೋಡ್‌ನಲ್ಲಿಟ್ಟ (ಗೇಮ್ ಓಡುವಷ್ಟು ಹೊತ್ತೂ ಉಳಿಯುವ ಸ್ಕ್ರಿಪ್ಟ್) ಅಂಕ ಸೀನ್, ಅಂದರೆ ಪರದೆ, ಬದಲಾದರೂ ಅಳಿಯುವುದಿಲ್ಲ, ಹಿಂದಿನವರು ಕೊಯ್ದ ಕೊನೆ ಮುಂದಿನವರ ಲೆಕ್ಕಕ್ಕೆ ಬರುತ್ತದೆ. ಎರಡು, ಯಾರಾದರೂ ಪಾಜ್ (ಆಟ ತಡೆಹಿಡಿಯುವ ಬಟನ್) ಒತ್ತಿ ಹೋದರೆ ಟೈಮರ್ ಕೂಡ ನಿಲ್ಲುತ್ತದೆ. ಟೈಮರಿನ ಪ್ರೊಸೆಸ್ ಮೋಡನ್ನು (ಯಾವಾಗ ಓಡಬೇಕೆಂಬ ಸೆಟ್ಟಿಂಗ್) ‘ಆಲ್ವೇಸ್’ ಮಾಡಬೇಕು, ಜೊತೆಗೆ ಸೀನ್ ಬದಲಿಸುವ ಮುನ್ನ ಪಾಜ್ ತೆಗೆಯಬೇಕು. ಇಲ್ಲದಿದ್ದರೆ ಶೀರ್ಷಿಕೆ ಪರದೆಯೂ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ಮೂರನೆಯದು ಹಳೆಯ ಗೇಮ್‌ಪ್ಯಾಡ್‌ನ ಉಪದ್ರ. ಕೈ ಬಿಟ್ಟರೂ ಅದರ ಸ್ಟಿಕ್ (ಪೂರ್ತಿ ಬಾಗಿಸಿದರೆ 1) 0.05, 0.08 ಎಂದು ಚೂರು ಚೂರು ಅಲುಗುತ್ತಲೇ ಇರುತ್ತದೆ. ಗೇಮ್‌ಗೆ ಅದೂ ಇನ್‌ಪುಟ್ಟೇ, ಟೈಮರ್ ಎಂದೂ ಮುಗಿಯುವುದಿಲ್ಲ. 0.5 ದಾಟಿದ ಚಲನೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಸರಿಹೋಗುತ್ತದೆ.

ಎಡಿಟರ್‌ನಲ್ಲಿ ಓಡಿದ್ದು ಎಕ್ಸ್‌ಪೋರ್ಟ್ ಮಾಡಿದ (ಎಡಿಟರ್ ಇಲ್ಲದೆ ಓಡುವ ಕಡತವಾಗಿಸಿದ) ಮೇಲೆ ಓಡಲೇಬೇಕೆಂದಿಲ್ಲ. ಕಡತದ ಹೆಸರಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅದಲುಬದಲಾಗಿದ್ದರೆ ವಿಂಡೋಸ್‌ನಲ್ಲಿ ಎಡಿಟರ್ ಅದನ್ನು ತೆರೆದುಬಿಡುತ್ತದೆ, ಎಕ್ಸ್‌ಪೋರ್ಟ್ ಆದ ಪ್ಯಾಕ್‌ನಲ್ಲಿ ಅದೇ ಚಿತ್ರ ಸಿಗುವುದಿಲ್ಲ. ಹೆಸರೆಲ್ಲ ಸಣ್ಣಕ್ಷರದಲ್ಲೇ ಇಡುವುದು ಕ್ಷೇಮ. ಅಂಕಪಟ್ಟಿಯನ್ನು ಪ್ರಾಜೆಕ್ಟ್ ಫೋಲ್ಡರಿಗೆ ಬರೆಯಿಸುತ್ತಿದ್ದರೆ ಎಕ್ಸ್‌ಪೋರ್ಟ್ ನಂತರ ಅದು ಓದಲು ಮಾತ್ರ ಸಿಗುತ್ತದೆ, ಬರೆಯಲು ‘ಯೂಸರ್’ ಫೋಲ್ಡರ್ ಬೇಕು. ಇನ್ನು ಮರ ತೂಗುವ ವೇಗವನ್ನು ಡೆಲ್ಟಾದಿಂದ (ಎರಡು ಫ್ರೇಮ್‌ಗಳ ನಡುವಿನ ಸಮಯ) ಗುಣಿಸದೆ ಫ್ರೇಮಿಗೆ ಇಷ್ಟೆಂದು ಬರೆದರೆ, 60 ಹರ್ಟ್ಸ್ ಪರದೆಯಲ್ಲಿ ಹದವಾಗಿದ್ದ ತೂಗಾಟ 144 ಹರ್ಟ್ಸ್ ಲ್ಯಾಪ್‌ಟಾಪಿನಲ್ಲಿ 2.4 ಪಟ್ಟು ಜೋರಾಗಿ ಕೊನೆಗೌಡನನ್ನು ಎಸೆಯುತ್ತದೆ.

ಕನ್ನಡ ಅಕ್ಷರಕ್ಕೆ ಗೊಡೋ 4 ಒಳ್ಳೆಯ ಆಯ್ಕೆ, ಒತ್ತಕ್ಷರ ಸರಿಯಾಗಿಯೇ ಕೂರುತ್ತದೆ. ಯೂನಿಟಿ ಎಂಬ ಇನ್ನೊಂದು ಎಂಜಿನ್ನಿನ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೊನಲ್ಲಿ ‘ಹಗ್ಗ’ ಎಂಬುದು ಒತ್ತು ಕಳಚಿ ಬಿಡಿಬಿಡಿಯಾಗಿ ಕಾಣುತ್ತದೆ, ಅಲ್ಲಿ ಪದಗಳನ್ನು ಚಿತ್ರವಾಗಿ ಹಾಕುವುದೇ ಸುಲಭದ ದಾರಿ. ಫಾಂಟನ್ನು ಪ್ರಾಜೆಕ್ಟಿನ ಒಳಗೇ ಇಡಿ, ನೋಟೋ ಸಾನ್ಸ್ ಕನ್ನಡ ಸಾಕು. ಯಂತ್ರದಲ್ಲಿರುವ ಫಾಂಟನ್ನೇ ನಂಬಿದರೆ ಲಿನಕ್ಸ್ ಲ್ಯಾಬಿನಲ್ಲಿ ಬರೀ ಚೌಕಗಳು ಬರಬಹುದು. ‘ನುಡಿ’ ತಂತ್ರಾಂಶದ ಹಳೆಯ ಎನ್‌ಕೋಡಿಂಗಿನಲ್ಲಿ ಟೈಪ್ ಮಾಡಿದ ಪಠ್ಯವನ್ನು ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ವಿಂಡೋಸ್‌ನಲ್ಲಿ ಸ್ಲೀಪ್, ನೋಟಿಫಿಕೇಶನ್, ಅಪ್‌ಡೇಟ್ ನಿಲ್ಲಿಸುವುದು ಎಲ್ಲರಿಗೂ ಗೊತ್ತು. ಮರೆಯುವುದು ಸ್ಟಿಕಿ ಕೀಸ್. ಶಿಫ್ಟ್ ಐದು ಸಲ ಒತ್ತಿದರೆ ಆಟದ ಮೇಲೆ ಕಿಟಕಿಯೊಂದು ಎದ್ದು ನಿಲ್ಲುತ್ತದೆ, ಮಕ್ಕಳು ಖಂಡಿತ ಒತ್ತುತ್ತಾರೆ. ಒಂದೇ ಕೀಬೋರ್ಡಿನಲ್ಲಿ ಇಬ್ಬರನ್ನು ಆಡಿಸುವ ಆಸೆ ಬೇಡ. ಅಗ್ಗದ ಕೀಬೋರ್ಡುಗಳಲ್ಲಿ ಮೂರು ಕೀಲಿ ಒಟ್ಟಿಗೆ ಒತ್ತಿದಾಗ ಒಂದು ನುಂಗಿಹೋಗುವುದುಂಟು. ಗೇಮ್‌ಪ್ಯಾಡ್ ತಂತಿಯದೇ ಇರಲಿ. ಬ್ಲೂಟೂತ್ ಆದರೆ ಚಾರ್ಜಿನ ಚಿಂತೆ, ಗದ್ದಲದ ಸಭಾಂಗಣದಲ್ಲಿ ಸಂಪರ್ಕ ತಪ್ಪುವ ಚಿಂತೆ.

ತೋಟದ ನೆರಳಿಗೆಂದು ಬಳಿದ ಕಡು ಹಸಿರು ಕಿಟಕಿ ಬೆಳಕಿನಲ್ಲಿ ಕಪ್ಪಾಗಿಬಿಡುತ್ತದೆ. ಹಿನ್ನೆಲೆಯನ್ನು ತಿಳಿ ಮಾಡಿ, ಕೊನೆಗೌಡನ ಸುತ್ತ ಬಿಳಿ ಅಂಚು ಕೊಟ್ಟೆವು. ಗದ್ದಲದಲ್ಲಿ ಗೇಮಿನ ಶಬ್ದ ಕೇಳಿಸದು, ಆದ್ದರಿಂದ ಕೊನೆ ಹಗ್ಗ ಸೇರಿದ್ದು ಕಣ್ಣಿಗೂ ಗೊತ್ತಾಗಬೇಕು, ಒಂದು ಮಿಂಚು ಸಾಕು. ಟಿವಿಗೆ ಜೋಡಿಸುವುದಾದರೆ ಗೇಮ್ ಮೋಡ್ ಹಾಕಿ, ಇಲ್ಲವಾದರೆ ಒತ್ತಿದ್ದಕ್ಕೂ ದಾಟಿದ್ದಕ್ಕೂ ನಡುವೆ ತಡವಾಗುತ್ತದೆ. ಕೆಲವು ಟಿವಿಗಳು ಅಂಚನ್ನು ಕತ್ತರಿಸುವುದರಿಂದ ಅಂಕ ತೀರಾ ಮೂಲೆಯಲ್ಲಿ ಬೇಡ.

ಕರೆಂಟ್ ಹೋದರೆ ಲ್ಯಾಪ್‌ಟಾಪ್ ಉಳಿದರೂ ಮಾನಿಟರ್ ಆರುತ್ತದೆ. 600 ವಿಎ ಯುಪಿಎಸ್ ಒಂದು ಮಾನಿಟರಿಗೆ ಧಾರಾಳ. ಬ್ಯಾಟರಿಯ ಮೇಲೆ ಫ್ರೇಮ್ ಬೀಳುತ್ತದೆಯೇ ಎಂದು ಮನೆಯಲ್ಲೇ ಪ್ಲಗ್ ಕಿತ್ತು ನೋಡಿಕೊಳ್ಳಿ. ಕಾರವಾರದ ಸೆಕೆಯಲ್ಲಿ ಮೇಜಿನ ಇಳಿಬಿದ್ದ ಬಟ್ಟೆಯೂ ಶತ್ರುವೇ. ಲ್ಯಾಪ್‌ಟಾಪನ್ನು ಅದರ ಕೆಳಗೆ ಬಚ್ಚಿಟ್ಟರೆ ಫ್ಯಾನಿಗೆ ಗಾಳಿ ಸಿಗದೆ ವೇಗ ಕುಸಿಯುತ್ತದೆ. ದೇವಿಮನೆ ಘಟ್ಟ ಇಳಿಸಿ ಸಿಪಿಯು ಒಯ್ಯುವವರು ಅದನ್ನು ಮಲಗಿಸಿ ಸಾಗಿಸಿ, ತಲುಪಿದ ಮೇಲೆ ರ‍್ಯಾಮ್ ಒಮ್ಮೆ ಒತ್ತಿ ನೋಡಿ. ಎಕ್ಸ್‌ಪೋರ್ಟ್ ಮಾಡಿದ ಗೇಮಿನ ಪ್ರತಿ ಎರಡು ಪೆನ್‌ಡ್ರೈವ್‌ಗಳಲ್ಲಿ ಇರಲಿ. ಆ್ಯಂಟಿವೈರಸ್ ಒಂದನ್ನು ಅಳಿಸಿದರೆ ಇನ್ನೊಂದನ್ನು ಚುಚ್ಚುವ ಮೊದಲು ಗೇಮ್ ಇರುವ ಫೋಲ್ಡರಿಗೆ ಅದರಲ್ಲಿ ವಿನಾಯಿತಿ ಕೊಡಿ.