ಮಗೀಗೆ ಎಂಥ ಉದ್ಯೋಗ?

ಮಗನಿಗೆ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದ ಆಕ್ಯುಪೇಷನಲ್ ಥೆರಪಿ ಅನ್ನೋದನ್ನ ಅತ್ತೆಗೆ ಕನ್ನಡದಲ್ಲಿ ಹೇಳಲು ಹೋಗಿ ನಾನೇ ಸಿಕ್ಕಿಬಿದ್ದೆ. 'ಔದ್ಯೋಗಿಕ ಚಿಕಿತ್ಸೆ' ಅಂದೆ. ಸೊಪ್ಪು ಬಿಡಿಸುತ್ತಿದ್ದವರು ತಲೆಯೆತ್ತಿ, 'ಇನ್ನೂ ಮೂರ್ ವರ್ಸ ತುಂಬಿಲ್ಲ, ಮಗೀಗೆ ಎಂಥ ಉದ್ಯೋಗ ಕೊಡುಸ್ತಾರಂತವ್ವ?' ಅಂದರು. ನಗು ಬಂತು. ಆದರೆ ಉತ್ತರ ನನಗೂ ಗೊತ್ತಿರಲಿಲ್ಲ.

ನಮ್ಮದು ಮಂಡ್ಯ. ನಾನು ಮನೆಯಲ್ಲೇ ಬಟ್ಟೆ ಹೊಲೀತೀನಿ, ಯಜಮಾನರು ಗೂಡ್ಸ್ ಆಟೊ ಓಡಿಸುತ್ತಾರೆ. ಮಗ ತುದಿಗಾಲಲ್ಲೇ ನಡೆಯುತ್ತಿದ್ದ. ಅನ್ನ, ಮುದ್ದೆ ಕೈಗೆ ತಾಗಿದರೆ ಕೈ ಒದರಿ ಅಳುತ್ತಿದ್ದ. ಅಂಗಿ ಹಾಕಿದ ಐದು ನಿಮಿಷಕ್ಕೆ ಕಿತ್ತೆಸೆಯುತ್ತಿದ್ದ. ಉಗುರು ಕತ್ತರಿಸುವ ದಿನ ಅಕ್ಕಪಕ್ಕದವರು ಏನಾಯ್ತು ಅಂತ ಓಡಿಬರುತ್ತಿದ್ದರು. ಮಾತೂ ಐದಾರು ಪದಕ್ಕೆ ನಿಂತಿತ್ತು. 'ಅವ್ರಪ್ಪನೂ ತಡವಾಗೇ ಮಾತಾಡಿದ್ದು, ಸುಮ್ಕಿರು' ಅಂತ ಅತ್ತೆ ಹೇಳುತ್ತಿದ್ದರು, ನಾನೂ ಸುಮ್ಮನೇ ಇದ್ದೆ. ಮೊದಲು ಗುರುತಿಸಿದ್ದು ಅಂಗನವಾಡಿಗೆ ಬಂದ ಆರ್‌ಬಿಎಸ್‌ಕೆ ವೈದ್ಯರ ತಂಡ. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ತಪಾಸಣೆ ಮಾಡುವ ಸರ್ಕಾರದ ಕಾರ್ಯಕ್ರಮ ಅದು, 2013ರಲ್ಲಿ ಶುರುವಾಗಿದ್ದು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಅವರು ಬರುವ ದಿನ ಮಗುವಿನ ಜೊತೆ ತಾಯಿಯೂ ಹೋಗೋದು ಒಳ್ಳೇದು. ಮನೆಯಲ್ಲಿ ನಡೆಯೋದನ್ನ ಟೀಚರ್ ಹೇಳೋಕಾಗಲ್ಲ.

ಕಿವಿ ಕೇಳುತ್ತದೋ ಇಲ್ಲವೋ ಮೊದಲು ನೋಡಬೇಕು ಅಂದರು. ಅದಕ್ಕೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ. ಬೆರಾ ಅನ್ನೋ ಪರೀಕ್ಷೆಯಲ್ಲಿ ತಲೆಗೆ ಸಣ್ಣ ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಸದ್ದು ಬಿಟ್ಟು, ಶ್ರವಣ ನರ ಸ್ಪಂದಿಸುತ್ತಾ ನೋಡುತ್ತಾರೆ. ಮಗು ನಿದ್ದೆ ಮಾಡುತ್ತಿರಬೇಕು. ಹಾಗಾಗಿ ಅಲ್ಲಿ ಹೋದಾಗ ನಿದ್ದೆ ಬರಲಿ ಅಂತ ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸಿ ಪ್ಯಾಸೆಂಜರ್ ರೈಲು ಹತ್ತಿದೆವು. ಪಾಂಡವಪುರದವರೆಗೆ ಬಿಸ್ಕತ್ತು, ಹಾಡು, ಕಿಟಕಿ ಎಲ್ಲ ನಡೆಯಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿ ಸೇತುವೆ ಬರುವ ಹೊತ್ತಿಗೆ ನಾನೇ ತೂಕಡಿಸಿದ್ದೆ, ಅವನು ನನ್ನ ತೊಡೆ ಮೇಲೆ ಗೊರಕೆ. ಮೈಸೂರಲ್ಲಿ ಇಳಿದ ಮೇಲೆ ಸಂಜೆಯವರೆಗೆ ಕಣ್ಣು ಮುಚ್ಚಲಿಲ್ಲ. ಇನ್ನೊಂದು ದಿನ ಹೋಗಬೇಕಾಯ್ತು. ಕಿವಿ ಸರಿಯಿತ್ತು. ಮಾತಿಗೆ ಸ್ಪೀಚ್ ಥೆರಪಿ, ಉಳಿದದ್ದಕ್ಕೆ ಓಟಿ, ಅಂದರೆ ಆ ಆಕ್ಯುಪೇಷನಲ್ ಥೆರಪಿ, ಅಂತ ಬರೆದುಕೊಟ್ಟರು.

ಓಟಿಗೆ ಮೊದಲು ಸೇರಿಸಿದ ಕಡೆ ಮೋಸ ಹೋದೆ. ಆರು ತಿಂಗಳ ಪ್ಯಾಕೇಜ್ ಅಂತ ದುಡ್ಡು ಮುಂಗಡ ಕಟ್ಟಿಸಿಕೊಂಡರು. ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಿದ್ದರು, ನಮಗೆ ಹೊರಗೆ ಪ್ಲಾಸ್ಟಿಕ್ ಕುರ್ಚಿ. ಏನು ಮಾಡಿಸಿದಿರಿ ಅಂದರೆ 'ಸೆನ್ಸರಿ ಆಕ್ಟಿವಿಟಿ ಮೇಡಂ' ಅಷ್ಟೇ. ಎಂಟು ಸೆಷನ್ ಆದ ಮೇಲೆ ಬಿಟ್ಟೆ. ದುಡ್ಡು ವಾಪಸ್ ಬರಲಿಲ್ಲ.

ಎರಡನೇ ಕಡೆ ಸಿಕ್ಕಿದ ಥೆರಪಿಸ್ಟ್ ಹುಡುಗಿ ನನಗಿಂತ ಚಿಕ್ಕವಳು. ನನ್ನನ್ನೂ ಒಳಗೇ ಚಾಪೆ ಮೇಲೆ ಕೂರಿಸಿಕೊಂಡು ಕೇಳಿದಳು: 'ಅಕ್ಕಾ, ಬೆಳಗ್ಗೆ ಎದ್ದಾಗಿಂದ ಮಲಗೋವರೆಗೆ ನಿಮಗೆ ಎಲ್ಲಿ ಜಗಳ?' ನಾನು 'ಮಾತಾಡಬೇಕು, ಎಲ್ಲರ ಥರ ಆಗಬೇಕು' ಅಂದೆ. 'ಅದಲ್ಲ. ಎಷ್ಟು ಹೊತ್ತಿಗೆ, ಯಾವ ಕೆಲಸದಲ್ಲಿ?' ಅಂತ ಬಿಡಲಿಲ್ಲ. ಅಂಗಿ, ಊಟ, ಉಗುರು ಅಂದೆ. ಆ ಮೂರನ್ನೇ ಬರೆದುಕೊಂಡಳು. ಉಣ್ಣೋದು, ಉಡೋದು, ಆಡೋದು, ಇದೇ ಮಗುವಿನ ಉದ್ಯೋಗ ಅಂತ ಅತ್ತೆಗೆ ಉತ್ತರವೂ ಅಲ್ಲೇ ಸಿಕ್ಕಿತು.

ಅಂಗಿಯ ವಿಷಯದಲ್ಲಿ ನನಗೆ ನಾಚಿಕೆಯಾಗಿದ್ದು ನಿಜ. ಊರವರ ಬಟ್ಟೆ ಹೊಲಿಯುವವಳು ಮಗನ ಅಂಗಿಯನ್ನು ತಿರುಗಿಸಿ ನೋಡಿರಲಿಲ್ಲ. ರೆಡಿಮೇಡ್ ಅಂಗಿಯ ಕುತ್ತಿಗೆಯಲ್ಲಿ ನೈಲಾನ್ ಲೇಬಲ್, ಪಕ್ಕದ ಹೊಲಿಗೆಯಲ್ಲಿ ಇನ್ನೊಂದು, ಒಳಗಡೆ ಓವರ್‌ಲಾಕ್‌ನ ಒರಟು ದಾರ. ನಮಗೆ ಗೊತ್ತೇ ಆಗದ ಇದು ಅವನಿಗೆ ಮೈಮೇಲೆ ಮುಳ್ಳು ಸವರಿದ ಹಾಗೆ. ಹಳೇ ಕಾಟನ್ ಸೀರೆಯಲ್ಲಿ, ಹೊಲಿಗೆ ಅಂಚು ಒಳಗೆ ಮುಚ್ಚುವ ಹಾಗೆ ಎರಡು ಸಲ ಹೊಲಿದು, ಲೇಬಲ್ ಇಲ್ಲದ ಎರಡು ಅಂಗಿ ಮಾಡಿದೆ. ಮೊದಲ ದಿನ ಮಧ್ಯಾಹ್ನದವರೆಗೆ ಮೈಮೇಲಿತ್ತು.

ಗುಂಡಿ ಹಾಕೋದನ್ನ ಕಲಿಸಿದ್ದು ತಲೆಕೆಳಗಾಗಿ. ನಾವೆಲ್ಲ ಮೊದಲಿಂದ ತೋರಿಸುತ್ತೀವಿ, ಮಗು ಮೊದಲ ಹೆಜ್ಜೆಯಲ್ಲೇ ಸೋತು ಎದ್ದುಹೋಗುತ್ತೆ. ಅವಳು ಹೇಳಿದ್ದು, ಕೊನೆಯ ಹೆಜ್ಜೆ ಮಾತ್ರ ಅವನಿಗೆ ಬಿಡಿ. ಕಾಲರ್ ಕ್ಯಾನ್ವಾಸ್ ಇಟ್ಟು ದಪ್ಪ ಬಟ್ಟೆಯ ಒಂದು ಪಟ್ಟಿ ಹೊಲಿದೆ, ಅದಕ್ಕೆ ಹಳೇ ಕೋಟಿನ ರೂಪಾಯಿ ಅಗಲದ ಗುಂಡಿ, ಕಾಜ ಸ್ವಲ್ಪ ದೊಡ್ಡದು. ಗುಂಡಿಯನ್ನು ಕಾಜದಲ್ಲಿ ಮುಕ್ಕಾಲು ದಾಟಿಸಿ ನಾನು ನಿಲ್ಲಿಸುತ್ತಿದ್ದೆ, ಅವನು ಎಳೆದುಕೊಂಡರೆ ಸಾಕು. ಅದು ಕೈಗೆ ಬಂದ ಮೇಲೆ ಅರ್ಧ, ಆಮೇಲೆ ಕಾಲು. ಗುಂಡಿಯ ಸೈಜೂ ಇಳಿಸುತ್ತಾ ಹೋದೆ. ಹನ್ನೊಂದು ವಾರ ಹಿಡಿಯಿತು. ಮಧ್ಯೆ ಒಂದು ವಾರ ಪಟ್ಟಿಯನ್ನು ಮಂಚದ ಕೆಳಗೆ ಬಚ್ಚಿಟ್ಟಿದ್ದ, ನಾನು ಹುಡುಕಲಿಲ್ಲ.

ಊಟಕ್ಕೆ ಅತ್ತೆಯೇ ದಾರಿ ತೋರಿಸಿದರು. ಒಣ ರಾಗಿ ತುಂಬಿದ ಪಾತ್ರೆಯಲ್ಲಿ ಕೈಯಾಡಿಸೋದು ಅವನಿಗೆ ಇಷ್ಟ. ಅಲ್ಲಿಂದ ರಾಗಿ ಹಿಟ್ಟು, ಆಮೇಲೆ ಗಟ್ಟಿಯಾಗಿ ಕಲಸಿದ ಹಿಟ್ಟು, ಕೊನೆಗೆ ಆರಿದ ಮುದ್ದೆ. ಕೈಗೆ ಅಂಟಿದ ಕೂಡಲೇ ಒರೆಸಿಕೊಳ್ಳಲು ಪಕ್ಕದಲ್ಲಿ ಒದ್ದೆ ಬಟ್ಟೆ ಇರಬೇಕು, ಬಲವಂತ ಕೂಡದು ಅನ್ನೋದೊಂದೇ ಥೆರಪಿಸ್ಟ್ ಸೇರಿಸಿದ ಮಾತು. ಊಟಕ್ಕೆ ಮುಂಚೆ ಬಟ್ಟೆ ಗಂಟು ಎಳೆಯೋದು, ಅರ್ಧ ಬಿಂದಿಗೆ ನೀರು ಹೊರೋದು ಮಾಡಿಸಿ ಅಂದಳು. ಸ್ನಾಯು, ಕೀಲುಗಳಿಗೆ ಭಾರ ಬಿದ್ದರೆ ಕೆಲವು ಮಕ್ಕಳು ಸಮಾಧಾನಕ್ಕೆ ಬರುತ್ತಾರಂತೆ. ನಮ್ಮವನು ಬರುತ್ತಿದ್ದ.

ಎಡವಿದ್ದು ಉಯ್ಯಾಲೆಯಲ್ಲಿ. ಸೆಂಟರ್‌ನಲ್ಲಿ ನೋಡಿ ಬಂದು ಮನೆಯ ತೊಲೆಗೆ ಸೀರೆ ಕಟ್ಟಿ ಗಿರ್ರನೆ ತಿರುಗಿಸಿದೆ, ನಗುತ್ತಿದ್ದ ಅಂತ ಇನ್ನೂ ತಿರುಗಿಸಿದೆ. ಮುಖ ಬಿಳುಚಿಕೊಂಡಿದ್ದನ್ನು ಗಮನಿಸಲಿಲ್ಲ. ರಾತ್ರಿಯೆಲ್ಲ ವಾಂತಿ. ಸಮತೋಲನ ನೋಡಿಕೊಳ್ಳುವ ಭಾಗ ಇರೋದು ಒಳಗಿವಿಯಲ್ಲಿ. ಸುತ್ತು ತಿರುಗಿಸಿದ್ದು ಅಲ್ಲಿಗೆ ಬಲವಾಗಿ ತಟ್ಟುತ್ತೆ, ನಿಲ್ಲಿಸಿದ ಮೇಲೂ ಪರಿಣಾಮ ಇರುತ್ತೆ. ಹಿಂದೆ ಮುಂದೆ ನಿಧಾನ ತೂಗಿ, ಮುಖ ಬೆವೆತರೆ ಬಿಳುಚಿದರೆ ನಿಲ್ಲಿಸಿ ಅಂತ ಥೆರಪಿಸ್ಟ್ ಹತ್ತಿರ ಬೈಸಿಕೊಂಡೆ.

ಮುಟ್ಟಿಸೋದು, ತೂಗೋದು, ಭಾರ ಹೊರಿಸೋದು, ಇಂಥ ಸೆನ್ಸರಿ ಚಿಕಿತ್ಸೆಯ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಇದಕ್ಕಿರುವ ಪುರಾವೆ ಕಡಿಮೆ, ಅದನ್ನು ತಂದೆತಾಯಿಗೆ ತಿಳಿಸಿ, ಗುರಿ ಮತ್ತು ಗಡುವು ಇಟ್ಟುಕೊಂಡು ಮಾಡಿ ಅಂದಿತ್ತು. ಇದನ್ನು ನನಗೆ ಹೇಳಿದ್ದು ಆ ಥೆರಪಿಸ್ಟೇ, ಅದಕ್ಕೇ ಅವಳನ್ನು ನಂಬಿದೆ. ಬ್ಲೌಸ್ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ದಿನಾ ಮೂರೇ ಗೆರೆ: ಅಂಗಿ ಎಷ್ಟು ಹೊತ್ತು, ಎಷ್ಟು ತುತ್ತು ತನ್ನ ಕೈಯಲ್ಲಿ, ಎಷ್ಟು ಉಗುರು. ಎರಡು ತಿಂಗಳಿಗೊಮ್ಮೆ ಅದನ್ನು ನೋಡಿ ಮುಂದುವರಿಸೋದೋ ಬದಲಿಸೋದೋ ತೀರ್ಮಾನ. ನಮಗೆ ಒಂದು ಸೆಷನ್‌ಗೆ 500 ರೂಪಾಯಿ, ಬಸ್ಸೋ ರೈಲೋ ಬೇರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಸರ್ಕಾರದ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಇದೆ, ಥೆರಪಿಯೂ ಅದರಲ್ಲಿ ಸೇರುತ್ತೆ. ನಮ್ಮ ಮಗನಿಗೆ ಅಂಥ ತೊಂದರೆ ಇದೆ ಅನ್ನೋ ಸರ್ಟಿಫಿಕೇಟ್ ಇಲ್ಲ, ಬೆಳವಣಿಗೆ ತಡ ಅಂತಷ್ಟೇ ಬರೆದಿದ್ದಾರೆ. ಹಾಗಾಗಿ ವಾರಕ್ಕೆ ಎರಡಿದ್ದದ್ದನ್ನು ನಾಲ್ಕನೇ ತಿಂಗಳಿಂದ ಒಂದು ಮಾಡಿಕೊಂಡೆವು.

ಈಗ ಅವನಿಗೆ ಮೂರೂಮುಕ್ಕಾಲು. ಅಂಗಿ ಈಗ ಮೈಮೇಲೆ ನಿಲ್ಲುತ್ತೆ. ಮುದ್ದೆ ಮುರಿದು ಸಾರಿಗೆ ಅದ್ದುತ್ತಾನೆ, ನುಂಗೋದು ಬಿಡೋದು ಅವನ ಇಷ್ಟ. ಕೈಯುಗುರು ಸ್ನಾನ ಆದ ಮೇಲೆ, ಉಗುರು ಮೆತ್ತಗಿರುವಾಗ, ಒಂದೊಂದು ಬೆರಳನ್ನೂ ಮೊದಲು ಗಟ್ಟಿಯಾಗಿ ಅದುಮಿ ತೆಗೀತೀನಿ. ಕಾಲಿನದ್ದು ಇನ್ನೂ ನಿದ್ದೆಯಲ್ಲೇ, ಯಜಮಾನರು ಟಾರ್ಚ್ ಹಿಡೀತಾರೆ.