ಹಣ್ಣಿನ ಕಸದಿಂದ ಗೊಬ್ಬರ: ರಸ ಬಸಿದ ಮೇಲೆ ಕೈಗೂಡಿದ ವಿಧಾನ

ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆಯಲ್ಲಿ ಮಾರಾಟವಾಗದೆ ಉಳಿದ ಪಪ್ಪಾಯಿ, ಕಲ್ಲಂಗಡಿ, ಅನಾನಸುಗಳಿಂದ ಗೊಬ್ಬರ ಮಾಡಿ ಸೊಪ್ಪು ಬೆಳೆಯುತ್ತೇನೆ ಎಂದಾಗ, ಆನೇಕಲ್ ಕಡೆಯ ನಮ್ಮ ಪಕ್ಕದ ತೋಟದ ಯಜಮಾನರು "ಹುಳಿ ಸುರಿದು ಭೂಮಿ ಕೆಡಿಸಬೇಡಪ್ಪ" ಎಂದಿದ್ದರು. ಈಗ ಅವರೇ ಖಾಲಿ ಚೀಲ ಹಿಡಿದು ಬರುತ್ತಾರೆ.

ಆರಂಭದ ಗುಂಡಿಗಳು ಅವರ ಮಾತನ್ನೇ ನಿಜ ಮಾಡಿದ್ದವು. ಹಣ್ಣಿನಲ್ಲಿ ನೀರೇ ಹೆಚ್ಚಾದ್ದರಿಂದ, ಸಗಣಿಯ ಜೊತೆ ನೇರವಾಗಿ ತುಂಬಿದರೆ ಗಾಳಿಯಾಡದೆ ವಾರದೊಳಗೆ ಗಬ್ಬುನಾತ ಏಳುತ್ತಿತ್ತು, ತಳದಲ್ಲಿ ಕಪ್ಪು ರೊಚ್ಚು ನಿಲ್ಲುತ್ತಿತ್ತು. ಎರೆಹುಳು ತೊಟ್ಟಿಗೆ ಮೂಸಂಬಿ ಸಿಪ್ಪೆ ಬಿದ್ದಾಗಲಂತೂ ಹುಳುಗಳು ಗೋಡೆ ಹತ್ತಿ ಹೊರಬಂದು ಒಣಗಿದವು. ಸುಮಾರು ಎರಡು ಸಾವಿರ ರೂಪಾಯಿ ಹಾಗೆ ಮಣ್ಣುಪಾಲಾಯಿತು.

ಕೈಗೂಡಿದ್ದು ರಸ ಬಸಿಯಲು ಶುರು ಮಾಡಿದ ಮೇಲೆ. ಹಣ್ಣನ್ನು ಮಚ್ಚಿನಿಂದ ಕೊಚ್ಚಿ, ತರಕಾರಿ ಕ್ರೇಟಿಗೆ ತುಂಬಿ, ಅಗಲ ಬಾಯಿಯ ಡ್ರಮ್ಮಿನ ಮೇಲೆ ಒಂದೆರಡು ದಿನ ಇಡುತ್ತೇನೆ. ಉಳಿದ ಚರಟ ಒಂದು ಬುಟ್ಟಿಗೆ ತರಗೆಲೆ ಎರಡು ಮೂರು ಬುಟ್ಟಿ, ಪದರಕ್ಕೊಮ್ಮೆ ಸಗಣಿ ಬಗ್ಗಡ. ಎಲೆಗಳಲ್ಲಿ ಮಳೆಮರದ್ದೇ ಮೇಲು, ಏಕೆಂದರೆ ಹಲಸಿನ ಎಲೆಯಂತೆ ಅದು ಒಂದಕ್ಕೊಂದು ಅಂಟಿ ಹಾಳೆಯಾಗುವುದಿಲ್ಲ. ನಗರದಲ್ಲಿ ಗುಡಿಸಿದ ಎಲೆಯ ಮೂಟೆ ಕೇಳಿದರೆ ಬಿಟ್ಟಿಯಾಗಿಯೇ ಸಿಗುತ್ತದೆ. ರಾಶಿಯ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಬೇಕು, ಮೂರ್ನಾಲ್ಕನೆಯ ದಿನ ಒಳಗೆ ಕೈ ಇಟ್ಟರೆ ಸುಡಬೇಕು. ವಾರಕ್ಕೊಮ್ಮೆ ಮಗುಚಿದರೆ ಮೂರು ತಿಂಗಳಲ್ಲಿ ಜರಡಿ ಹಿಡಿಯಬಹುದು. ನೊಣ ತಡೆಯಲು ಮೇಲೆ ಚೆಲ್ಲುವ ಬೂದಿಗೆ ಇನ್ನೊಂದು ಪುಡಿ ಬೆರೆಸುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಬಸಿದ ರಸವನ್ನು ಬೆಲ್ಲ ಹಾಕಿ ಹುದುಗಿಸಿ, ಲೀಟರಿಗೆ ನೂರು ಲೀಟರಿನಷ್ಟು ನೀರು ಬೆರೆಸಿ ಬುಡಕ್ಕೆ ಬಿಡುತ್ತೇನೆ. ಮೂಸಂಬಿ ಸಿಪ್ಪೆಯನ್ನು ಎಲ್ಲರೂ ಹೇಳುವ 1:3:10 ಲೆಕ್ಕದಲ್ಲಿ, ಅಂದರೆ ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರಿನಂತೆ, ಮೂರು ತಿಂಗಳು ಇಟ್ಟು ನೋಡಿದ್ದೂ ಉಂಟು. ಕೊಟ್ಟಿಗೆಯ ನೆಲ ತೊಳೆಯಲು ಅದು ಬಹಳ ಚೆನ್ನಾಗಿದೆ, ಪೈರಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಕಸಕ್ಕೆ ಕಾಸಿಲ್ಲ, ಖರ್ಚೆಲ್ಲ ಟಾಟಾ ಏಸ್ ಬಾಡಿಗೆಗೆ ಮತ್ತು ಮಗುಚುವ ಕೂಲಿಗೆ, ಲೋಡಿಗೆ ಎರಡು ಸಾವಿರದ ಆಸುಪಾಸು. ಮೊದಲು ಹತ್ತು ಗುಂಟೆಗೆ ಕೋಳಿ ಗೊಬ್ಬರಕ್ಕೆಂದೇ ಅದರ ದುಪ್ಪಟ್ಟು ಹೋಗುತ್ತಿತ್ತು. ಬರೀ ಈ ಗೊಬ್ಬರದಲ್ಲಿ ದಂಟು, ಪಾಲಕ್ ಸ್ವಲ್ಪ ತಿಳಿಹಸಿರಾಗಿ ನಿಧಾನಿಸಿದ್ದರಿಂದ, ಸಾರಜನಕಕ್ಕಾಗಿ ಹೊಂಗೆ ಹಿಂಡಿ ಸೇರಿಸುತ್ತಿದ್ದೇನೆ. ಟೊಮೆಟೊ ಮಡಿಗೆ ಹಿಂಡಿ ಬೇಕಾಗಲಿಲ್ಲ; ಕಾಯಿ ಗಟ್ಟಿಯಾಗಿ ಬಂದು, ಮಂಡಿಯಲ್ಲಿ ಬಾಕ್ಸಿಗೆ ಇಪ್ಪತ್ತು ಮೂವತ್ತು ರೂಪಾಯಿ ಹೆಚ್ಚೇ ಸಿಕ್ಕಿತು.